ಸಣ್ಣ ತಿಂಡಿ ಉದ್ಯಮ, ಸಾಹಸ ಯಾತ್ರೆ ಮತ್ತು ದಾನದ ಲೆಕ್ಕ

(ನೆಲಗಡಲೆ ಬೆಳೆಗಾರರು ಹಾಗೂ ಮಹಿಳಾ ಸ್ವಸಹಾಯ ಗುಂಪುಗಳ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ನೆಲಗಡಲೆ ಬೆಳೆದು, ಕಾಯನ್ನು ಚೀಲಕ್ಕೆ ತುಂಬಿ, ಮಂಡಿಗೆ ಸಾಗಿಸಿದರೆ ಬೇಸಾಯಗಾರನ ಕೆಲಸ ಮುಗಿಯಿತೆಂಬ ಕಾಲ ಹೋಯಿತು. ಬೆಳೆದದ್ದನ್ನು ತಿಂಡಿಯಾಗಿ ಮಾರಿದರೆ ನಾಲ್ಕು ಕಾಸು ಹೆಚ್ಚಿಗೆ ಉಳಿಯುತ್ತದೆಂಬುದನ್ನು ಹಳ್ಳಿಯ ಗುಂಪುಗಳು ಈಗ ಚೆನ್ನಾಗಿ ತಿಳಿದಿವೆ. ಶೇಂಗಾ ಚಿಕ್ಕಿ, ಉಂಡೆ, ಚಟ್ನಿಪುಡಿ ಮುಂತಾದವು ಗುಂಪುಗಳ ಹೆಸರಿನಲ್ಲಿಯೇ ಪೇಟೆಯ ಅಂಗಡಿಗಳಿಗೆ ಬರುತ್ತಿವೆ.

ಹೆಸರು ನಾಲ್ಕು ಊರಿಗೆ ತಿಳಿದ ಮೇಲೆ ಬಾಗಿಲಿಗೆ ಬರುವವರೂ ಹೆಚ್ಚುತ್ತಾರೆ. ಜಾತ್ರೆಯ ಚಂದಾ ಕೇಳುವವರು ಹಿಂದಿನಿಂದಲೂ ಇದ್ದಾರೆ. ಈಗ ಹೊಸ ಬಗೆಯ ಕೋರಿಕೆಯೊಂದು ಸೇರಿದೆ. ಬೆಟ್ಟ ಹತ್ತಲು ಹೊರಟ ಯುವಕರು ಬರುತ್ತಾರೆ. ಸೈಕಲ್ಲಿನ ಮೇಲೆ ನಾಡನ್ನು ಸುತ್ತುವ ತರುಣಿ ಬರುತ್ತಾಳೆ. “ಇದು ಅಂಧ ಮಕ್ಕಳ ಶಾಲೆಗಾಗಿ ಮಾಡುವ ಯಾತ್ರೆ, ನಿಮ್ಮ ಚಿಕ್ಕಿಯ ಹೆಸರನ್ನು ಅಂಗಿಯ ಮೇಲೆ ಹಾಕಿಕೊಳ್ಳುತ್ತೇವೆ, ಇಷ್ಟು ಹಣ ಕೊಡಿ” ಎಂದು ಕೇಳುತ್ತಾರೆ. ಕೇಳುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಕೊಡುವುದೋ ಬಿಡುವುದೋ, ಕೊಟ್ಟರೆ ಎಷ್ಟು, ಯಾವ ರೂಪದಲ್ಲಿ ಎಂಬುದು ತಿಳಿಯದೆ ಗುಂಪಿನೊಳಗೆ ಮನಸ್ತಾಪ ಹುಟ್ಟುವ ಸಂಭವವಿದೆ. ಆದುದರಿಂದ ಈ ವಿಷಯವನ್ನು ನಿಜವಾಗಿ ನಡೆದ ಕೆಲವು ನಿದರ್ಶನಗಳೊಂದಿಗೆ ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ.

ಪ್ರಾಯೋಜನೆ ಎಂದರೇನು?

ಒಬ್ಬರು ಕೈಗೊಂಡ ಕಾರ್ಯಕ್ಕೆ ಮತ್ತೊಬ್ಬರು ಹಣ ಅಥವಾ ಸಾಮಗ್ರಿ ಒದಗಿಸಿ, ಅದಕ್ಕೆ ಪ್ರತಿಯಾಗಿ ತಮ್ಮ ಹೆಸರಿನ ಪ್ರಚಾರ ಪಡೆಯುವುದಕ್ಕೆ ಪ್ರಾಯೋಜನೆ ಎನ್ನುತ್ತಾರೆ. ಪ್ರಾಯೋಜನೆಯಲ್ಲಿ ಕೊಡುವುದರ ಜೊತೆಗೆ ಪಡೆಯುವುದೂ ಉಂಟು. ದಾನದಲ್ಲಿ ಕೊಡುವುದು ಮಾತ್ರ. ಸಾಹಸ ಯಾತ್ರೆಯ ಮೂಲಕ ಧರ್ಮಕಾರ್ಯಕ್ಕೆ ನೆರವಾಗುವಾಗ ಈ ಎರಡೂ ಒಂದೇ ಚೀಲದಲ್ಲಿ ಬೆರೆತು ಹೋಗುತ್ತವೆ. ಬೀಜದ ಕಾಯಿಯನ್ನೂ ಎಣ್ಣೆಗೆ ಹಾಕುವ ಕಾಯಿಯನ್ನೂ ಬೆರೆಸಿದರೆ ಹೇಗೆ ತೊಂದರೆಯೋ ಇದೂ ಹಾಗೆಯೇ.

ನಮ್ಮ ದೇಶದ ಕಾನೂನು ಸಹ ಈ ಭೇದವನ್ನು ಮಾಡಿದೆ. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ತಮ್ಮ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ವಿನಿಯೋಗಿಸಬೇಕು. ಆದರೆ ತಮ್ಮ ಸರಕಿನ ಪ್ರಚಾರದ ಲಾಭಕ್ಕಾಗಿ ಮಾಡಿದ ಪ್ರಾಯೋಜನೆಯನ್ನು ಈ ಲೆಕ್ಕಕ್ಕೆ ಹಿಡಿಯುವಂತಿಲ್ಲವೆಂದು 2021ರಲ್ಲಿ ತಿದ್ದಿದ ನಿಯಮಗಳು ಸ್ಪಷ್ಟಪಡಿಸಿವೆ. ಚಿಕ್ಕಿ ಮಾಡುವ ಸಣ್ಣ ಗುಂಪಿಗೆ ಈ ಕಡ್ಡಾಯ ಅನ್ವಯಿಸುವುದಿಲ್ಲ. ಆದರೂ ಪ್ರಚಾರದ ಖರ್ಚು ಬೇರೆ, ದಾನ ಬೇರೆ ಎಂಬ ತತ್ವ ಸಣ್ಣವರಿಗೂ ಒಪ್ಪುವಂಥದು.

ಕೆಂಡಾಲ್ ಪಟ್ಟಣದ ಸಕ್ಕರೆ ಬಿಲ್ಲೆ

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಗುಡ್ಡ ಸರೋವರಗಳ ಸೀಮೆಯ ಅಂಚಿಗೆ ಕೆಂಡಾಲ್ ಎಂಬ ಸಣ್ಣ ಪಟ್ಟಣವಿದೆ. ಹಿಂದೆ ಉಣ್ಣೆ ನೇಯ್ಗೆಗೆ ಹೆಸರಾಗಿದ್ದ ಊರು. ಅಲ್ಲಿ ಸಕ್ಕರೆ, ಗ್ಲೂಕೋಸು, ನೀರು ಮತ್ತು ಪುದೀನ ಜಾತಿಯ ಪೆಪ್ಪರ್‌ಮಿಂಟ್ ಎಣ್ಣೆ ಸೇರಿಸಿ ಕಾಯಿಸಿ, ಪಾಕವನ್ನು ತಿರುವಿ ಅಚ್ಚಿಗೆ ಹುಯ್ದು ಬಿಲ್ಲೆ ಮಾಡುತ್ತಾರೆ. ಇದಕ್ಕೆ ಕೆಂಡಾಲ್ ಮಿಂಟ್ ಕೇಕ್ ಎಂದು ಹೆಸರು. ಹೆಸರಿನಲ್ಲಿ ಕೇಕ್ ಇದ್ದರೂ ಅದರಲ್ಲಿ ಹಿಟ್ಟಾಗಲಿ ಮೊಟ್ಟೆಯಾಗಲಿ ಇರುವುದಿಲ್ಲ. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೆನೆದುಕೊಂಡರೆ ಅದರ ಗುಣ ತಿಳಿಯುತ್ತದೆ. ಪಾಕ ತಿಳಿಯಾಗಿ ಉಳಿಯದೆ ಸಣ್ಣ ಹರಳುಗಟ್ಟಿ ಬೆಳ್ಳಗಾಗುವುದೇ ಎರಡರಲ್ಲಿಯೂ ಇರುವ ಹದ. 1869ರಲ್ಲಿ ಜೋಸೆಫ್ ವೈಪರ್ ಎಂಬ ಮಿಠಾಯಿಗಾರ ಗಾಜಿನಂಥ ತಿಳಿ ಮಿಠಾಯಿ ಮಾಡಲು ಹೋಗಿ, ಪಾಕ ಕೆಟ್ಟು ಮಬ್ಬಾದುದರಿಂದ ಈ ತಿಂಡಿ ಹುಟ್ಟಿತೆಂದು ಪ್ರತೀತಿ.

ಬೆಟ್ಟ ಹತ್ತುವವರಿಗೆ ಈ ಬಿಲ್ಲೆ ಬಲು ಪ್ರಿಯವಾಯಿತು. ಅದಕ್ಕೆ ವೈಜ್ಞಾನಿಕ ಕಾರಣವಿದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಎವರೆಸ್ಟಿನ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಒಂದು ಭಾಗದಷ್ಟು ಮಾತ್ರ. ಅಲ್ಲಿ ಹಸಿವು ಇಂಗುತ್ತದೆ, ಜಿಡ್ಡಿನ ಪದಾರ್ಥ ಸೇರುವುದಿಲ್ಲ. ಅಷ್ಟೇ ಆಮ್ಲಜನಕದಲ್ಲಿ ಸಕ್ಕರೆಯು ಕೊಬ್ಬಿಗಿಂತ ಸ್ವಲ್ಪ ಹೆಚ್ಚು ಶಕ್ತಿ ಕೊಡುತ್ತದೆ. ಬೇಯಿಸುವ ಕೆಲಸವಿಲ್ಲ, ಜೇಬಿನಲ್ಲಿಟ್ಟುಕೊಳ್ಳಬಹುದು, ಬಾಯಲ್ಲಿಟ್ಟರೆ ಕರಗುತ್ತದೆ. ವೈಪರ್ ಮನೆತನದ ಕಂಪನಿಯು 1914ರಿಂದ 1917ರವರೆಗಿನ ಶ್ಯಾಕಲ್ಟನ್ನರ ದಕ್ಷಿಣ ಧ್ರುವ ಖಂಡದ ಯಾತ್ರೆಗೆ ಈ ತಿಂಡಿಯನ್ನು ಒದಗಿಸಿತ್ತು.

ಪಡಿತರ ಚೀಟಿ ಕೊಟ್ಟ ಕೆಲಸಗಾರರು

ಅದೇ ಊರಿನ ಮತ್ತೊಂದು ಸಣ್ಣ ಕಂಪನಿಯ ಹೆಸರು ರೋಮ್ನಿ. 1953ರಲ್ಲಿ ಎವರೆಸ್ಟ್ ಹತ್ತಲು ಜಾನ್ ಹಂಟ್‌ರ ನೇತೃತ್ವದಲ್ಲಿ ಬ್ರಿಟಿಷ್ ತಂಡ ಸಿದ್ಧವಾಗುತ್ತಿದ್ದಾಗ, ಒಂದೇ ವಾರದೊಳಗೆ ಮಿಂಟ್ ಕೇಕ್ ಬೇಕೆಂದು ಈ ಕಂಪನಿಯನ್ನು ಕೇಳಲಾಯಿತು. ಸರಕಿಗೆ ಕೊರತೆಯಿರಲಿಲ್ಲ, ಅಡ್ಡಿಯಾಗಿದ್ದುದು ಕಾನೂನು. ಎರಡನೆಯ ಮಹಾಯುದ್ಧ ಮುಗಿದು ಏಳು ವರ್ಷ ಕಳೆದಿದ್ದರೂ ಬ್ರಿಟನ್ನಿನಲ್ಲಿ ಮಿಠಾಯಿಯ ಪಡಿತರ ಪದ್ಧತಿ 1953ರ ಫೆಬ್ರವರಿ ಮೊದಲ ವಾರದವರೆಗೂ, ಸಕ್ಕರೆಯದು ಆ ವರ್ಷದ ಸೆಪ್ಟೆಂಬರ್‌ವರೆಗೂ ಇತ್ತು. ಚೀಟಿಯಿಲ್ಲದೆ ಮಿಠಾಯಿ ಹೊರಗೆ ಹೋಗುವಂತಿರಲಿಲ್ಲ. ಆಗ ಕಂಪನಿಯ ಕೆಲಸಗಾರರು ತಮ್ಮ ತಮ್ಮ ಪಾಲಿನ ಮಿಠಾಯಿ ಚೀಟಿಗಳನ್ನೇ ತಂದುಕೊಟ್ಟು ಲೆಕ್ಕ ಸರಿಪಡಿಸಿದರೆಂದು ಕಂಪನಿಯವರು ಇಂದಿಗೂ ಹೇಳುತ್ತಾರೆ.

ಈ ಸಣ್ಣ ಸಂಗತಿಯಲ್ಲಿ ದೊಡ್ಡ ಪಾಠವಿದೆ. ಕಂಪನಿಯು ತಾನು ಮಾಡುವ ಸರಕನ್ನೇ ಒದಗಿಸಿತು. ಸಾಲ ತಂದು ಹಣ ಸುರಿಯಲಿಲ್ಲ. ಕೆಲಸಗಾರರು ಬಿಟ್ಟುಕೊಟ್ಟದ್ದು ತಮ್ಮ ಸ್ವಂತ ಪಾಲು. ಯಾರೂ ಅವರ ಕೂಲಿಯಿಂದ ಅದನ್ನು ಮುರಿದುಕೊಳ್ಳಲಿಲ್ಲ. ಕಾನೂನನ್ನು ಕದ್ದುಮುಚ್ಚಿ ದಾಟಲಿಲ್ಲ. “ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ” ಎಂಬ ಗಾದೆಗೆ ಇಲ್ಲಿ ಎಡೆಯಿಲ್ಲ.

1953ರ ಮೇ 29ರಂದು ಹಗಲು ಹನ್ನೊಂದೂವರೆ ಗಂಟೆಗೆ ಎಡ್ಮಂಡ್ ಹಿಲರಿ ಮತ್ತು ತೇನ್‌ಸಿಂಗ್ ನೋರ್ಗೆ 8,848 ಮೀಟರ್ ಎತ್ತರದ ಶಿಖರವನ್ನು ಮುಟ್ಟಿದರು. ಅಲ್ಲಿ ಕೆಂಡಾಲಿನ ಬಿಲ್ಲೆಯನ್ನು ತಿಂದರು. ತೇನ್‌ಸಿಂಗ್ ಹಿಮದಲ್ಲಿ ಸಣ್ಣ ಗುಳಿ ತೋಡಿ ಚಾಕೊಲೇಟು, ಬಿಸ್ಕತ್ತು, ಮಿಠಾಯಿಗಳನ್ನು ದೇವರಿಗೆ ನೈವೇದ್ಯವಾಗಿ ಇಟ್ಟರು. ಈ ಇಬ್ಬರೂ ನಮ್ಮ ಕಸುಬಿಗೆ ಹತ್ತಿರದವರೇ ಎಂಬುದು ರೈತರಿಗೆ ಸಂತೋಷದ ವಿಷಯ. ಹಿಲರಿ ನ್ಯೂಜಿಲೆಂಡಿನಲ್ಲಿ ತಮ್ಮನೊಡನೆ ಜೇನು ಸಾಕಣೆ ಮಾಡುತ್ತಿದ್ದವರು. ತೇನ್‌ಸಿಂಗ್ ಯಾಕ್ ದನಗಳನ್ನು ಮೇಯಿಸುವ ಮನೆತನದಿಂದ ಬಂದವರು.

ಸಣ್ಣ ಕಂಪನಿಗೆ ಇದರಿಂದ ದೊರೆತ ಹೆಸರು ಇಂದಿಗೂ ಅಳಿದಿಲ್ಲ. 1987ರಲ್ಲಿ ಅದು ಹಳೆಯ ವೈಪರ್ ಕಂಪನಿಯನ್ನೇ ಕೊಂಡುಕೊಂಡಿತು. ಆದರೆ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. 1953ರಲ್ಲಿ ನಡೆದದ್ದು ಸಾಹಸಕ್ಕೆ ನೆರವು, ಅದು ದಾನವಾಗಿರಲಿಲ್ಲ. ದಾನದ ಕೆಲಸ ಶಿಖರದಿಂದ ಇಳಿದ ಮೇಲೆ ಆರಂಭವಾಯಿತು.

ಶಿಖರದಿಂದ ಶಾಲೆಗೆ

ಹಿಲರಿಯವರು 1960–61ರಲ್ಲಿ ಮತ್ತೆ ಹಿಮಾಲಯಕ್ಕೆ ಯಾತ್ರೆ ತಂದರು. ಅಮೆರಿಕದ ವಿಶ್ವಕೋಶ ಪ್ರಕಾಶನ ಸಂಸ್ಥೆಯೊಂದು ಇದಕ್ಕೆ ಹಣ ಕೊಟ್ಟಿತ್ತು. ಎತ್ತರದ ಗಾಳಿಯಲ್ಲಿ ಮನುಷ್ಯನ ದೇಹ ಹೇಗೆ ಹೊಂದಿಕೊಳ್ಳುತ್ತದೆಂಬ ಸಂಶೋಧನೆ ಹಾಗೂ ಹಿಮಮಾನವನ ಹುಡುಕಾಟ ಅದರ ಉದ್ದೇಶಗಳಾಗಿದ್ದವು. ಹಿಮಮಾನವ ಸಿಗಲಿಲ್ಲ. ಆದರೆ ಅದಕ್ಕಿಂತ ಬೆಲೆಯುಳ್ಳ ಕೆಲಸವೊಂದು ನಡೆಯಿತು. ಹಲವು ವರ್ಷ ತಮ್ಮ ಹೊರೆ ಹೊತ್ತು ಪ್ರಾಣವನ್ನೂ ಪಣವಿಟ್ಟ ಶೆರ್ಪಾ ಜನರಿಗೆ ಏನು ಬೇಕೆಂದು ವಿಚಾರಿಸಿದಾಗ ಅವರು ಮಕ್ಕಳಿಗೆ ಶಾಲೆ ಬೇಕೆಂದರು. 1961ರಲ್ಲಿ ಖುಮ್‌ಜುಂಗ್ ಗ್ರಾಮದಲ್ಲಿ ಶಾಲೆ ಎದ್ದಿತು. 1966ರಲ್ಲಿ ಪಕ್ಕದ ಖುಂಡೆಯಲ್ಲಿ ಆಸ್ಪತ್ರೆ ತೆರೆಯಿತು. ಹಿಲರಿಯವರು ಸ್ಥಾಪಿಸಿದ ಹಿಮಾಲಯ ಟ್ರಸ್ಟ್ ಮುಂದೆ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳಿಗೆ ಆಸರೆಯಾಯಿತು.

1975ರಲ್ಲಿ ಫಾಪ್ಲು ಎಂಬಲ್ಲಿ ಮತ್ತೊಂದು ಆಸ್ಪತ್ರೆ ಕಟ್ಟುತ್ತಿದ್ದಾಗ, ಅಲ್ಲಿಗೆ ಹೊರಟಿದ್ದ ಹಿಲರಿಯವರ ಪತ್ನಿ ಮತ್ತು ಕಿರಿಯ ಮಗಳು ಕಠ್ಮಂಡುವಿನಲ್ಲಿ ವಿಮಾನ ಬಿದ್ದು ತೀರಿಕೊಂಡರು. ಅಂಥ ದುಃಖದ ನಂತರವೂ ಅವರು ಕೈಹಿಡಿದ ಕೆಲಸವನ್ನು ಬಿಡಲಿಲ್ಲ. 2008ರಲ್ಲಿ ತೀರಿಕೊಳ್ಳುವವರೆಗೂ ಆ ಕಣಿವೆಗಳ ಸಂಬಂಧವನ್ನು ಉಳಿಸಿಕೊಂಡರು. ತೇನ್‌ಸಿಂಗರೂ 1954ರಲ್ಲಿ ಡಾರ್ಜಿಲಿಂಗಿನಲ್ಲಿ ಪ್ರಾರಂಭವಾದ ಪರ್ವತಾರೋಹಣ ಸಂಸ್ಥೆಯಲ್ಲಿ ತರಬೇತಿಯ ಹೊಣೆ ಹೊತ್ತು ತಾವು ಕಲಿತದ್ದನ್ನು ಇತರರಿಗೆ ಹಂಚಿದರು.

ಇದರಿಂದ ತಿಳಿಯುವುದೇನೆಂದರೆ, ಶಿಖರದ ಮೇಲೆ ಕಳೆದದ್ದು ಕಾಲು ಗಂಟೆ. ಶಾಲೆ ನಡೆಸಿದ್ದು ಅರ್ಧ ಶತಮಾನ. ಸಾಹಸವು ಬಿತ್ತನೆಯ ದಿನವಿದ್ದಂತೆ. ಬಿತ್ತನೆಯ ದಿನ ಎತ್ತಿಗೆ ಅಲಂಕಾರ ಮಾಡಿ, ಪೂಜೆ ಮಾಡಿ, ಮರುದಿನದಿಂದ ಹೊಲದ ಕಡೆ ತಲೆಹಾಕದಿದ್ದರೆ ಫಸಲು ಬರುವುದೆ? ನೆರವು ಕೇಳಲು ಬಂದವರನ್ನು ಯಾತ್ರೆ ಮುಗಿದ ಮೇಲೆ ಏನು ಮಾಡುವಿರಿ ಎಂದು ಮೊದಲು ಕೇಳಬೇಕು. ಯಾರಿಗಾಗಿ ಹಣ ಕೂಡಿಸುತ್ತಾರೋ ಅವರಿಗೆ ನಿಜವಾಗಿ ಬೇಕಾದುದು ಏನೆಂದು ಅವರನ್ನೇ ವಿಚಾರಿಸಿದ್ದಾರೆಯೇ ಎಂಬುದನ್ನೂ ತಿಳಿಯಬೇಕು.

ಅಪಾಯದ ಎಲ್ಲೆ

ಎರಡನೆಯ ನಿದರ್ಶನ ಅಮೆರಿಕದ ಕ್ಯಾಲಿಫೋರ್ನಿಯದ್ದು. 1990ರಲ್ಲಿ ಗ್ಯಾರಿ ಎರಿಕ್ಸನ್ ಎಂಬಾತ ಗೆಳೆಯನೊಡನೆ ಒಂದೇ ದಿನದಲ್ಲಿ 175 ಮೈಲಿ, ಅಂದರೆ ಸುಮಾರು 280 ಕಿಲೋಮೀಟರು ಸೈಕಲ್ ತುಳಿದ. ಜೊತೆಗೊಯ್ದಿದ್ದ ಶಕ್ತಿಯ ತಿಂಡಿ ಬಾಯಿಗೆ ಸೇರದೆ ಹೋಯಿತು. ಇದಕ್ಕಿಂತ ರುಚಿಯಾದುದನ್ನು ಮಾಡಬೇಕೆಂದು ತಾಯಿಯ ಅಡುಗೆಮನೆಯಲ್ಲಿ ಪ್ರಯೋಗ ನಡೆಸಿ, 1992ರಲ್ಲಿ ತೋಕೆಗೋಧಿಯ ಅವಲಕ್ಕಿ ಮತ್ತು ಅಕ್ಕಿಯ ಸಿಹಿಪಾಕ ಮುಂತಾದವನ್ನು ಸೇರಿಸಿದ ಬಿಲ್ಲೆಯನ್ನು ಮಾರಾಟಕ್ಕೆ ತಂದ. ತಂದೆ ಕ್ಲಿಫರ್ಡರ ಹೆಸರಿನಲ್ಲಿ ಅದಕ್ಕೆ ಕ್ಲಿಫ್ ಬಾರ್ ಎಂದು ಹೆಸರಿಟ್ಟ. ಅಡುಗೆಮನೆಯ ಉದ್ಯಮ ಬೆಳೆದು ದೊಡ್ಡದಾಯಿತು. 2022ರಲ್ಲಿ ಅದನ್ನು ಮಾಂಡಲೀಸ್ ಎಂಬ ಬಹುರಾಷ್ಟ್ರೀಯ ಕಂಪನಿಯು 290 ಕೋಟಿ ಡಾಲರಿಗೆ ಕೊಂಡಿತು.

ಈ ಕಂಪನಿ ಅನೇಕ ಬೆಟ್ಟ ಹತ್ತುವವರಿಗೆ ಪ್ರಾಯೋಜನೆ ನೀಡುತ್ತಿತ್ತು. ಅವರಲ್ಲಿ ಒಬ್ಬರು ಅಲೆಕ್ಸ್ ಹಾನ್ನಾಲ್ಡ್. ಬಂಡೆಗಳನ್ನು ಹಗ್ಗದ ಆಸರೆಯಿಲ್ಲದೆ ಹತ್ತುವುದರಲ್ಲಿ ಇವರದು ಜಗತ್ತಿನಲ್ಲೇ ದೊಡ್ಡ ಹೆಸರು. 2012ರಲ್ಲಿ ಇವರು ತಮ್ಮ ಹೆಸರಿನ ಸಂಸ್ಥೆಯೊಂದನ್ನು ಸ್ಥಾಪಿಸಿ, ಆದಾಯದ ಸುಮಾರು ಮೂರನೇ ಒಂದು ಭಾಗವನ್ನು ಬಡವರ ಮನೆಗಳಿಗೆ ಸೂರ್ಯಶಕ್ತಿಯ ದೀಪ, ವಿದ್ಯುತ್ ಒದಗಿಸುವ ಕೆಲಸಕ್ಕೆ ಕೊಡತೊಡಗಿದರು. ತಿಂಡಿಯ ಕಂಪನಿ ಸಾಹಸಿಗೆ, ಸಾಹಸಿ ಸಮಾಜಕ್ಕೆ ಎಂಬ ಸರಪಣಿ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಆದರೆ 2014ರಲ್ಲಿ ಕಂಪನಿಯು ಹಾನ್ನಾಲ್ಡ್ ಸೇರಿದಂತೆ ಐವರು ಸಾಹಸಿಗಳ ಪ್ರಾಯೋಜನೆಯನ್ನು ನಿಲ್ಲಿಸಿತು. ಹಗ್ಗವಿಲ್ಲದೆ ಹತ್ತುವುದು, ಎತ್ತರದ ಬಂಡೆಯಿಂದ ಜಿಗಿಯುವುದು ಮುಂತಾದ, ಸ್ವಲ್ಪ ತಪ್ಪಿದರೂ ಪ್ರಾಣ ಉಳಿಯದ ಸಾಹಸಗಳಿಂದ ತನಗೆ ಲಾಭವಾಗುವುದು ಸರಿ ಕಾಣದೆಂದು ಕಂಪನಿ ಕಾರಣ ಹೇಳಿತು. ಈ ತೀರ್ಮಾನವನ್ನು ಟೀಕಿಸಿದವರು ಬಹಳ ಮಂದಿ. ಅವರು ಎಂದಿನಿಂದಲೂ ಹಾಗೆಯೇ ಹತ್ತುತ್ತಿದ್ದರಲ್ಲ, ಈಗೇಕೆ ಕೈಬಿಟ್ಟಿರಿ ಎಂಬ ಪ್ರಶ್ನೆಯಲ್ಲಿ ನ್ಯಾಯವಿಲ್ಲದೆ ಇಲ್ಲ. ಹಾನ್ನಾಲ್ಡ್ 2017ರಲ್ಲಿ ಎಲ್ ಕ್ಯಾಪಿಟನ್ ಎಂಬ ಸುಮಾರು 900 ಮೀಟರಿನ ಬಂಡೆಯನ್ನು ಹಗ್ಗವಿಲ್ಲದೆ ಹತ್ತಿದರು. ಅವರ ಸಂಸ್ಥೆಯ ಕೆಲಸವೂ ಮುಂದುವರಿಯಿತು. ಐವರಲ್ಲಿ ಮತ್ತೊಬ್ಬರಾದ ಡೀನ್ ಪಾಟರ್ 2015ರ ಮೇ ತಿಂಗಳಲ್ಲಿ ಬಂಡೆಯಿಂದ ಹಾರುವಾಗ ಮೃತಪಟ್ಟರು.

ಯಾರು ಸರಿ ಎಂದು ತೀರ್ಪು ಕೊಡುವುದು ಸುಲಭವಲ್ಲ. ರೈತ ಗುಂಪುಗಳು ಇದರಿಂದ ಗ್ರಹಿಸಬೇಕಾದುದು ಇಷ್ಟು: ಅಪಾಯದ ಎಲ್ಲೆಯನ್ನು ಹಣ ಕೊಡುವ ಮೊದಲೇ ಗೊತ್ತುಮಾಡಬೇಕು, ನಡುವೆ ಕೈಬಿಡುವ ಪ್ರಸಂಗ ಬರಬಾರದು. ಕೊಟ್ಟ ಐದು ಸಾವಿರ ರೂಪಾಯಿಯ ಋಣಕ್ಕಾಗಿ ಹುಡುಗನೊಬ್ಬ ಹವಾಮಾನ ಕೆಟ್ಟಾಗಲೂ ಹಿಂದಿರುಗದೆ ಮುಂದೆ ನಡೆದರೆ ಆ ದಾನ ಯಾರಿಗೆ ಬೇಕು? ಆದ್ದರಿಂದ ಶಿಖರ ಮುಟ್ಟಿದರೆ ಮಾತ್ರ ಹಣವೆಂಬ ಷರತ್ತನ್ನು ಯಾವ ಕಾರಣಕ್ಕೂ ಹಾಕಬಾರದು. ಅರ್ಧ ದಾರಿಯಿಂದ ಹಿಂದಿರುಗಿದರೂ ಶಾಲೆಗೆ ಸೇರಬೇಕಾದ ಹಣ ಸೇರಲೇಬೇಕು.

ಹೊಲಕ್ಕೆ ಮರಳಿದ ಹಣ

ಇದೇ ಕಂಪನಿಯ ಇನ್ನೆರಡು ಕೆಲಸಗಳು ಗಮನಾರ್ಹ. 2001ರಲ್ಲಿ ಅದು ತನ್ನ ಕೆಲಸಗಾರರು ಸಂಬಳದ ವೇಳೆಯಲ್ಲಿಯೇ ಸಮಾಜಸೇವೆ ಮಾಡುವ ಯೋಜನೆಯನ್ನು ಆರಂಭಿಸಿತು. ವರ್ಷಕ್ಕೆ 2,080 ಗಂಟೆ, ಅಂದರೆ ಒಬ್ಬ ಪೂರ್ಣಾವಧಿ ಕೆಲಸಗಾರನ ಒಂದು ವರ್ಷದ ದುಡಿಮೆ, ಅದರ ಮೊದಲ ಗುರಿ. ಹಣವಿಲ್ಲದವರು ದುಡಿಮೆಯನ್ನು ಕೊಡಬಹುದೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿ ಬಲ್ಲವರಿಗೆ ಇದು ಹೊಸದೇನೂ ಅಲ್ಲ.

ಎರಡನೆಯದಾಗಿ, 2015ರಲ್ಲಿ ಈ ಕಂಪನಿಯೂ ಒಂದು ರೈತರ ಸಹಕಾರ ಸಂಸ್ಥೆಯೂ ಸೇರಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಸಾವಯವ ಬೇಸಾಯಕ್ಕೆ ಹೊಂದುವ ತಳಿಗಳ ಅಭಿವೃದ್ಧಿಗಾಗಿ ಶಾಶ್ವತ ಪ್ರಾಧ್ಯಾಪಕ ಪೀಠವನ್ನು ಸ್ಥಾಪಿಸಲು ನಿಧಿ ಒದಗಿಸಿದವು. ಧಾನ್ಯದಿಂದ ಗಳಿಸಿದ ಹಣದಲ್ಲಿ ಒಂದು ಪಾಲು ಬೀಜಕ್ಕೇ ಮರಳಿತು. ದೂರದ ಶಿಖರಕ್ಕೆ ಕೊಡುವ ಕೈ ಹತ್ತಿರದ ಹೊಲವನ್ನು ಮರೆಯಬಾರದು.

ಗುಂಪಿನ ಲೆಕ್ಕ

ಇನ್ನು ಚಿಕ್ಕಿ ಮಾಡುವ ಒಂದು ಗುಂಪಿನ ಲೆಕ್ಕವನ್ನು ನೋಡೋಣ. ಕೆಳಗಿನ ಅಂಕಿಗಳು ವಿಷಯವನ್ನು ವಿವರಿಸುವುದಕ್ಕಾಗಿ ಊಹಿಸಿಕೊಂಡವು. ಪ್ರತಿ ಗುಂಪೂ ತನ್ನ ನಿಜವಾದ ಅಂಕಿಗಳನ್ನು ಹಾಕಿಕೊಳ್ಳಬೇಕು.

40 ಗ್ರಾಂ ತೂಕದ ಒಂದು ಪೊಟ್ಟಣವನ್ನು ಅಂಗಡಿಯವನಿಗೆ 8 ರೂಪಾಯಿಗೆ ಕೊಡಲಾಗುತ್ತದೆಂದು ಇಟ್ಟುಕೊಳ್ಳೋಣ. ಕಡಲೆಬೀಜಕ್ಕೆ 3 ರೂಪಾಯಿ 10 ಪೈಸೆ, ಬೆಲ್ಲಕ್ಕೆ 1 ರೂಪಾಯಿ, ಉರುವಲಿಗೆ 40 ಪೈಸೆ, ಕೂಲಿಗೆ 1 ರೂಪಾಯಿ 40 ಪೈಸೆ, ಹೊದಿಕೆಗೆ 60 ಪೈಸೆ, ಸಾಗಾಣಿಕೆ ಮತ್ತು ಪುಡಿಯಾಗಿ ಹೋದ ನಷ್ಟಕ್ಕೆ 50 ಪೈಸೆ. ಒಟ್ಟು ಖರ್ಚು 7 ರೂಪಾಯಿ. ಉಳಿಯುವುದು 1 ರೂಪಾಯಿ. ಈ ಒಂದು ರೂಪಾಯಿಯಲ್ಲಿ ಬ್ಯಾಂಕಿನ ಕಂತು, ಹುರಿಯುವ ಯಂತ್ರದ ದುರಸ್ತಿ, ಮುಂದಿನ ಸುಗ್ಗಿಯಲ್ಲಿ ಕಾಯಿ ಕೊಳ್ಳಲು ಬೇಕಾದ ಬಂಡವಾಳ ಇವಕ್ಕೆಲ್ಲ 60 ಪೈಸೆ ತೆಗೆದಿಟ್ಟರೆ ಸದಸ್ಯರಿಗೆ ಹಂಚಲು 40 ಪೈಸೆ ಮಾತ್ರ ಉಳಿಯುತ್ತದೆ.

ಉತ್ಸಾಹದಲ್ಲಿ ಯಾರಾದರೂ “ಪೊಟ್ಟಣಕ್ಕೆ ಒಂದು ರೂಪಾಯಿ ಶಾಲೆಗೆ” ಎಂದು ಹೊದಿಕೆಯ ಮೇಲೆ ಅಚ್ಚು ಹಾಕಿಸಿದರೆ, ಕೇಳುವವರಿಗೆ ಅದು ಅಲ್ಪವೆನಿಸುತ್ತದೆ. ಆದರೆ ಗುಂಪಿನ ಉಳಿತಾಯವೆಲ್ಲ ಅಲ್ಲಿಗೆ ಹೋಯಿತು. ವರ್ಷಕ್ಕೆ 50,000 ಪೊಟ್ಟಣ ಮಾರುವ ಗುಂಪು 50,000 ರೂಪಾಯಿ ಕೊಡಬೇಕಾಗುತ್ತದೆ. ಆಮೇಲೆ ಆ ಕೊರತೆಯನ್ನು ತುಂಬಲು ಕೂಲಿ ಕಡಿಮೆ ಮಾಡುವುದು, ಬೆಳೆಗಾರನಿಗೆ ಕೊಡುವ ಬೆಲೆ ಇಳಿಸುವುದು, ಹಾಳು ಬೀಜವನ್ನು ಬೆರೆಸುವುದು, ಇವುಗಳಲ್ಲಿ ಯಾವುದಾದರೊಂದು ನಡೆದೇ ತೀರುತ್ತದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದಂತಾಗುತ್ತದೆ. ಪೊಟ್ಟಣಕ್ಕೆ 10 ಪೈಸೆಯಂತೆ ಕೊಟ್ಟರೆ ವರ್ಷಕ್ಕೆ 5,000 ರೂಪಾಯಿ ಆಗುತ್ತದೆ. ಸದಸ್ಯರ ಪಾಲಿನ 40 ಪೈಸೆಯಲ್ಲಿ 30 ಪೈಸೆ ಉಳಿಯುತ್ತದೆ. ಈ ಮಾತನ್ನು ಎಲ್ಲ ಸದಸ್ಯರೂ ಸಭೆಯಲ್ಲಿ ಒಪ್ಪಿ ಸಹಿ ಮಾಡಿದರೆ ಅದು ನಿಲ್ಲುವ ದಾನ.

ಹಣದ ಬದಲು ತಿಂಡಿಯನ್ನೇ ಕೊಡುವುದು ಇನ್ನೂ ಸುಲಭ. 500 ಪೊಟ್ಟಣ ಚಿಕ್ಕಿ ಕೊಟ್ಟರೆ ಗುಂಪಿಗೆ ತಗಲುವ ಖರ್ಚು 3,500 ರೂಪಾಯಿ. ಪುಸ್ತಕದಲ್ಲಿ ಇದನ್ನು ಅಂಗಡಿಯ ಬೆಲೆಗೆ ಬರೆಯದೆ ಅಸಲು ಖರ್ಚಿಗೇ ಬರೆಯುವುದು ಪ್ರಾಮಾಣಿಕ ಪದ್ಧತಿ.

ಯಾತ್ರೆಯ ಖರ್ಚನ್ನೂ ವಿಚಾರಿಸಬೇಕು. ಯಾತ್ರೆಗೆ 30,000 ರೂಪಾಯಿ ತಗಲಿ, ಶಾಲೆಗೆ ಕೂಡಿದ್ದು 20,000 ರೂಪಾಯಿ ಆದರೆ, ಆ ಮೂವತ್ತು ಸಾವಿರವನ್ನೇ ನೇರವಾಗಿ ಶಾಲೆಗೆ ಕೊಡಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಯಾತ್ರಿಕರು ತಮ್ಮ ಖರ್ಚನ್ನು ತಾವೇ ಹೊತ್ತು, ಜನ ಕೊಟ್ಟ ಚಂದಾ ಪೂರ್ತಿಯಾಗಿ ಶಾಲೆಗೆ ಸೇರುವುದಾದರೆ ಈ ಪ್ರಶ್ನೆ ಏಳುವುದಿಲ್ಲ. ಎರಡಕ್ಕೂ ಬೇರೆ ಬೇರೆ ಖಾತೆ ಇರತಕ್ಕದ್ದು. ದೂರದ ಹಿಮಾಲಯವೇ ಆಗಬೇಕೆಂದೂ ಇಲ್ಲ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರು. ಎವರೆಸ್ಟಿನ ಕಾಲು ಭಾಗಕ್ಕಿಂತಲೂ ಕಡಿಮೆ. ಸಣ್ಣ ಗುಂಪಿನ ಶಕ್ತಿಗೆ ಸಣ್ಣ ಬೆಟ್ಟವೇ ಒಪ್ಪುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ತಿಂಡಿಯ ಗುಣ ಹೊಲದಿಂದ

ಬೆಟ್ಟದ ಮೇಲೆ ಇರುವವನಿಗೆ ಬೇರೆ ಅಂಗಡಿಯಿಲ್ಲ. ಜೇಬಿನಲ್ಲಿರುವ ತಿಂಡಿ ಕೆಟ್ಟಿದ್ದರೆ ಅವನು ಅದನ್ನೇ ತಿನ್ನಬೇಕು, ಇಲ್ಲವೆ ಉಪವಾಸವಿರಬೇಕು. ದಾನದ ಸರಕೆಂದು ಎರಡನೆಯ ದರ್ಜೆಯ ಚಿಕ್ಕಿಯನ್ನು ಕೊಡುವುದು ಸರ್ವಥಾ ಕೂಡದು. ಕಡಲೆಬೀಜದಲ್ಲಿ ಶೇಕಡ 25ರಷ್ಟು ಸಸಾರಜನಕ ಮತ್ತು ಶೇಕಡ 45ಕ್ಕೂ ಹೆಚ್ಚು ಎಣ್ಣೆ ಇದ್ದು, 100 ಗ್ರಾಂ ಬೀಜದಿಂದ ಸುಮಾರು 560 ಕ್ಯಾಲೊರಿ ಶಕ್ತಿ ದೊರೆಯುತ್ತದೆ. ಬೆಲ್ಲ ಸೇರಿದರೆ ನಡೆಯುವವನಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಸಿಗುವುದು ಕಷ್ಟ.

ಆದರೆ ಬೂಷ್ಟು ಹಿಡಿದ ಬೀಜದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಸ್ತು ಉತ್ಪತ್ತಿಯಾಗುತ್ತದೆ. ಇದು ಯಕೃತ್ತಿಗೆ ಹಾನಿಕರ. ಹುರಿದರೂ ಪೂರ್ತಿ ನಾಶವಾಗುವುದಿಲ್ಲ. ಆದುದರಿಂದ ಎಚ್ಚರಿಕೆ ಹೊಲದಲ್ಲಿಯೇ ಪ್ರಾರಂಭವಾಗಬೇಕು. ಕಾಯಿ ಬಲಿಯುವ ಕಾಲದಲ್ಲಿ ತೇವದ ಕೊರತೆಯಾದರೆ ಬೂಷ್ಟಿನ ಬಾಧೆ ಹೆಚ್ಚುತ್ತದೆ. ಅನುಕೂಲವಿದ್ದರೆ ಆಗ ಒಂದು ನೀರು ಕೊಡುವುದು ಲೇಸು. ಹೂ ಬಿಡುವ ಕಾಲದಲ್ಲಿ ಎಕರೆಗೆ 200 ಕಿಲೋಗ್ರಾಂ ಜಿಪ್ಸಂ ಹಾಕಿ ಮಣ್ಣೇರಿಸಿದರೆ ಕಾಯಿ ಚೆನ್ನಾಗಿ ತುಂಬುತ್ತದೆ. ಕೀಳುವಾಗ ಕಾಯಿಗೆ ಗಾಯವಾಗಬಾರದು. ತೇವಾಂಶ ಶೇಕಡ 8ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಕಾಯನ್ನು ಅಲುಗಾಡಿಸಿದಾಗ ಒಳಗಿನ ಬೀಜ ಗಲಗಲ ಸದ್ದು ಮಾಡಬೇಕು. ಸುಲಿಯಲು ಸುಲಭವಾಗಲೆಂದು ಕಾಯಿಗೆ ನೀರು ಚಿಮುಕಿಸುವ ಅಭ್ಯಾಸವನ್ನು ಕೂಡಲೇ ಬಿಡಬೇಕು. ಮುರುಟಿದ, ಒಡೆದ, ಬಣ್ಣಗೆಟ್ಟ ಬೀಜಗಳನ್ನು ಹುರಿಯುವ ಮೊದಲೇ ಆರಿಸಿ ತೆಗೆಯಬೇಕು.

ಅನುಸರಿಸಬೇಕಾದ ಕ್ರಮಗಳು

1. ನೆರವು ಕೇಳಿ ಬಂದವರ ಕೋರಿಕೆಯನ್ನು ಬರಹದಲ್ಲಿ ಪಡೆದು ಗುಂಪಿನ ಸಭೆಯಲ್ಲಿ ಓದಬೇಕು. ಅಧ್ಯಕ್ಷರೊಬ್ಬರೇ ಮಾತು ಕೊಡಬಾರದು.

2. ಹಣ ಯಾರಿಗೆ ಸೇರುತ್ತದೋ ಆ ಶಾಲೆ ಅಥವಾ ಆಸ್ಪತ್ರೆಯವರನ್ನು ನೇರವಾಗಿ ಕಂಡು, ಈ ಯಾತ್ರೆಯ ವಿಷಯ ಅವರಿಗೆ ತಿಳಿದಿದೆಯೇ, ಅವರ ನಿಜವಾದ ಅಗತ್ಯವೇನು ಎಂದು ವಿಚಾರಿಸಬೇಕು.

3. ದಾನದ ಹಣವನ್ನು ಯಾತ್ರಿಕರ ಕೈಗೆ ಕೊಡದೆ ಆ ಸಂಸ್ಥೆಯ ಬ್ಯಾಂಕ್ ಖಾತೆಗೇ ಕಟ್ಟಿ ರಸೀದಿ ಪಡೆಯಬೇಕು.

4. ಪ್ರಚಾರಕ್ಕೆ ಆದ ಖರ್ಚನ್ನೂ ದಾನವನ್ನೂ ಪುಸ್ತಕದಲ್ಲಿ ಬೇರೆ ಬೇರೆಯಾಗಿ ಬರೆಯಬೇಕು. ಹೊದಿಕೆಯ ಮೇಲೆ ಎಷ್ಟು ಬರೆದಿದೆಯೋ ಅಷ್ಟನ್ನು ಕೊಟ್ಟೇ ತೀರಬೇಕು.

5. ದಾನದ ಕಾರಣದಿಂದ ಕೂಲಿಯಾಗಲಿ, ಬೆಳೆಗಾರನ ಬೆಲೆಯಾಗಲಿ, ತಿಂಡಿಯ ಗುಣವಾಗಲಿ ಕಡಿಮೆಯಾಗಬಾರದು.

6. ಯಾತ್ರೆಗೆ ಅನುಭವಿ ಮಾರ್ಗದರ್ಶಿ, ಅರಣ್ಯ ಇಲಾಖೆಯ ಅನುಮತಿ, ವಿಮೆ ಇವೆಯೇ ಎಂದು ನೋಡಬೇಕು. ಹವಾಮಾನ ಕೆಟ್ಟರೆ ಹಿಂದಿರುಗುವುದಾಗಿ ಮೊದಲೇ ಒಪ್ಪಂದವಾಗಬೇಕು.

7. ಯಾತ್ರೆ ಮುಗಿದ ಒಂದು ವರ್ಷದ ನಂತರ ಕೊಟ್ಟ ಹಣದಿಂದ ಏನಾಯಿತೆಂದು ಸದಸ್ಯರಿಬ್ಬರು ಹೋಗಿ ನೋಡಿ ಬಂದು ಸಭೆಗೆ ವರದಿ ಒಪ್ಪಿಸಬೇಕು.

ಈ ಕ್ರಮಗಳನ್ನು ಅನುಸರಿಸಿದ ಮೇಲೆ ಬೇಡವೆಂದು ತೀರ್ಮಾನವಾದರೆ ಸಂಕೋಚಪಡಬೇಕಾಗಿಲ್ಲ. ಶಕ್ತಿಯಿಲ್ಲದಾಗ ಬೇಡವೆನ್ನುವುದು, ಆಗುವುದೆಂದು ಹೇಳಿ ಅರ್ಧದಲ್ಲಿ ನಿಲ್ಲಿಸುವುದಕ್ಕಿಂತ ಮೇಲು. ಕೊಡುವುದೆಂದಾದರೆ ಚಿಕ್ಕದಾಗಿ, ಚೊಕ್ಕವಾಗಿ, ಪ್ರತಿ ವರ್ಷವೂ ತಪ್ಪದೆ ಕೊಡುವುದು ಒಳ್ಳೆಯದು. ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ. ವರ್ಷಕ್ಕೆ ಐದು ಸಾವಿರದಂತೆ ಹತ್ತು ವರ್ಷ ಕೊಟ್ಟ ಗುಂಪು ಒಂದು ಶಾಲೆಯ ಮಕ್ಕಳಿಗೆ ಪುಸ್ತಕ ಭಂಡಾರವನ್ನೇ ಕಟ್ಟಿಕೊಡಬಲ್ಲದು. ಕೆಂಡಾಲಿನ ಕೆಲಸಗಾರರು ಬಿಟ್ಟುಕೊಟ್ಟದ್ದು ಕೆಲವೇ ಮಿಠಾಯಿ ಚೀಟಿಗಳು. ಆದರೆ ಅವು ಅವರ ಸ್ವಂತದವು, ಮನಸಾರೆ ಕೊಟ್ಟವು. ರೈತ ಗುಂಪುಗಳೂ ತಮ್ಮ ಮುಂದಿನ ಮಾಸಿಕ ಸಭೆಯಲ್ಲಿ ಒಂದು ಪೊಟ್ಟಣದ ಅಸಲು ಖರ್ಚನ್ನು ಬರೆದು ನೋಡಿ, ತಮ್ಮದೆಂದು ಉಳಿಯುವುದು ಎಷ್ಟು ಎಂಬುದನ್ನು ಮೊದಲು ತಿಳಿದುಕೊಳ್ಳಲಿ. ಕೊಡುವ ಮಾತು ಅದರ ಮೇಲೆ ಆಡಲಿ.